ನೀಲಗಿರಿ ಬೊಡ್ಡೆಗೆ ಜೆಸಿಬಿ ಕೊಂಬು: ರಿಪ್ಪರನ್ನು ನಮ್ಮ ಶೆಡ್ಡಿನಲ್ಲೇ ಮಾಡಿಕೊಳ್ಳುವುದು ಹೇಗೆ

ಕೋಲಾರದ ಕಡೆ ನೀಲಗಿರಿ ತೋಪು ತೆಗೆಸಿದವರಿಗೆ ಈ ಕಷ್ಟ ಗೊತ್ತು. ಮರ ಕಡಿಯುವುದು ದೊಡ್ಡ ಮಾತಲ್ಲ, ಕೊಂಡವರೇ ಬಂದು ಕಡಿದು ಲಾರಿಗೆ ತುಂಬಿಕೊಂಡು ಹೋಗುತ್ತಾರೆ. ಬೊಡ್ಡೆ ಮಾತ್ರ ನಮ್ಮ ಪಾಲಿಗೆ. ಹಾಗೇ ಬಿಟ್ಟರೆ ಎರಡು ಮಳೆಗೆ ಚಿಗುರಿ ಪೊದೆಯಾಗುತ್ತದೆ. ಕೀಳಿಸೋಣ ಅಂತ ಜೆಸಿಬಿ ಕರೆಸಿದರೆ ಒಂದೊಂದು ಬೊಡ್ಡೆಗೂ ಬಾವಿ ತೋಡಿದ ಹಾಗೆ ಗುಂಡಿ, ಗಂಟೆಗೆ ಸಾವಿರದ ಮೇಲೆ ಬಾಡಿಗೆ, ಕೊನೆಗೆ ನೋಡಿದರೆ ಮೇಲಿನ ಕೆಂಪು ಮಣ್ಣೆಲ್ಲ ಕೆಳಗೆ, ಕೆಳಗಿನ ಗರಸೆಲ್ಲ ಮೇಲೆ.

ತಪ್ಪು ಆಪರೇಟರ್‌ದಲ್ಲ. ಬಕೆಟ್ ಇರುವುದು ಮಣ್ಣು ಮೊಗೆಯೋಕೆ. ಅದರ ಹಲ್ಲುಗಳೆಲ್ಲ ಒಟ್ಟಿಗೆ ಮಣ್ಣಿಗೂ ಬೇರಿಗೂ ತಗುಲಿದರೆ ಮಿಷನ್ನಿನ ಬಲ ಹಂಚಿಹೋಗುತ್ತದೆ. ಅದೇ ಬಲ ಒಂದೇ ಹಲ್ಲಿಗೆ ಸಿಕ್ಕಿದರೆ ತೊಡೆ ದಪ್ಪದ ಬೇರೂ ಪಟಾರನೆ ಹರಿಯುತ್ತದೆ. ಕೆಜಿಎಫ್‌ನ ಬೆಮೆಲ್‌ನಲ್ಲಿ ತಯಾರಾಗುವಂಥ ದೊಡ್ಡ ಡೋಜರ್‌ಗಳ ಹಿಂದೆ ಹದ್ದಿನ ಕೊಕ್ಕಿನ ಹಾಗೆ ಒಂದು ಇಳಿಬಿದ್ದಿರುತ್ತದಲ್ಲ, ಅದು ರಿಪ್ಪರ್. ಅದರ ತಮ್ಮನನ್ನು ಜೆಸಿಬಿಯ ಹಿಂದಿನ ಬಕೆಟ್ ಜಾಗಕ್ಕೆ ಸಿಕ್ಕಿಸುವುದೇ ನಮ್ಮ ಕೆಲಸ. ನಮ್ಮೂರಲ್ಲಿ ಇದಕ್ಕೆ ಕೊಂಬು ಅನ್ನುತ್ತಾರೆ.

ನಾನು ವೇಮಗಲ್ ಕಡೆಯವನು. ಒಂದು ವೆಲ್ಡಿಂಗ್ ಶೆಡ್ಡಿದೆ, ಹಳೆಯದೊಂದು 3ಡಿಎಕ್ಸ್ ಜೆಸಿಬಿ ಇದೆ. ಇದುವರೆಗೆ ಮೂರು ಕೊಂಬು ಮಾಡಿದ್ದೇನೆ. ಮೊದಲನೆಯದು ಬಾಗಿತು. ಎರಡನೆಯದು ಸೀಳಿತು. ಮೂರನೆಯದು ಇನ್ನೂ ದುಡಿಯುತ್ತಿದೆ. ಕೆಳಗೆ ಹೇಳುವುದೆಲ್ಲ ಮೂರನೆಯದರ ಲೆಕ್ಕ, ಆದರೆ ಕಲಿತದ್ದೆಲ್ಲ ಮೊದಲೆರಡರಿಂದ.

2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡಬಾರದು ಅಂದಿತು. 2018ರಲ್ಲಿ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು) ನಮ್ಮ ಕಡೆಯ ಲಕ್ಷ್ಮೀಸಾಗರ ಕೆರೆಗೆ ಬಂತು. ಆಮೇಲೆ ಸುತ್ತಮುತ್ತ ತೋಪು ತೆಗೆದು ಮತ್ತೆ ರಾಗಿ, ಟೊಮೆಟೊ, ಮಾವು ಅನ್ನುವವರು ಜಾಸ್ತಿಯಾದರು. ತಮಾಷೆ ಏನು ಅಂದರೆ, ಈ ಮರ ನಮ್ಮ ನಾಡಿಗೆ ಕಾಲಿಟ್ಟಿದ್ದು ಪಕ್ಕದ ನಂದಿಬೆಟ್ಟದಲ್ಲೇ, ಟಿಪ್ಪು ಕಾಲದಲ್ಲಿ, 1790ರ ಸುಮಾರಿಗೆ. ಇನ್ನೂರು ಚಿಲ್ಲರೆ ವರ್ಷದ ಬೇರನ್ನು ಈಗ ನಾವು ಕೀಳುತ್ತಾ ಕೂತಿದ್ದೇವೆ.

ಶುರು ಮಾಡುವ ಮುಂಚೆ ಎರಡು ಮಾತು. ನಿಮ್ಮ ಮಿಷನ್ ಇನ್ನೂ ವಾರಂಟಿಯಲ್ಲಿದ್ದರೆ ಇದನ್ನು ಹಾಕಬೇಡಿ, ರೆಡಿಮೇಡ್ ರಿಪ್ಪರ್ ಸಿಗುತ್ತದೆ, ಡೀಲರನ್ನು ಕೇಳಿ ತಗೊಳ್ಳಿ. ಇನ್ನೊಂದು, ಗೇಟು ಗ್ರಿಲ್ಲು ಮಾಡುವ ವೆಲ್ಡಿಂಗೇ ಬೇರೆ, 40 ಎಂಎಂ ಪ್ಲೇಟಿನ ವೆಲ್ಡಿಂಗೇ ಬೇರೆ. ದಪ್ಪ ಪ್ಲೇಟಿನ ಮೇಲೆ ಕೈ ಕೂತಿಲ್ಲದಿದ್ದರೆ ಕಟಿಂಗ್, ಫಿಟ್ಟಿಂಗ್ ನೀವು ಮಾಡಿ, ವೆಲ್ಡಿಂಗ್ ಮಾತ್ರ ಬಲ್ಲವರ ಕೈಗೆ ಕೊಡಿ. ಇದರಲ್ಲಿ ನಾಚಿಕೆ ಏನಿಲ್ಲ.

ಅಳತೆ: ಯಾರ ಮಾತೂ ನಂಬಬೇಡಿ

ಪಿನ್ ಸೈಜು ಇಷ್ಟು, ಅಗಲ ಇಷ್ಟು ಅಂತ ಹತ್ತು ಜನ ಹತ್ತು ಹೇಳುತ್ತಾರೆ. ನಿಮ್ಮ ಮಿಷನ್ನಿನಲ್ಲಿ ಇರುವುದು ಎಷ್ಟೋ ಅಷ್ಟೇ ಸತ್ಯ. ಬಕೆಟ್ ಬಿಚ್ಚಿ ನೆಲಕ್ಕೆ ಮಲಗಿಸಿ, ವರ್ನಿಯರ್ ಹಿಡಿದು ಕೂತುಕೊಳ್ಳಿ. ಬಕೆಟ್‌ಗೆ ಎರಡು ಪಿನ್. ಒಂದು ಡಿಪ್ಪರ್ ಮೂಗಿಗೆ (ಬಕೆಟ್ ಹಿಡಿದಿರುವ ತೋಳಿನ ತುದಿಗೆ), ಇನ್ನೊಂದು ಬಕೆಟ್ ಮಡಚುವ ಹೈಡ್ರಾಲಿಕ್ ಸಿಲಿಂಡರ್ ಆದ ರ‍್ಯಾಮ್‌ನಿಂದ ಬರುವ ಲಿಂಕಿಗೆ. ಎರಡರ ದಪ್ಪ, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ದೂರ, ಡಿಪ್ಪರ್ ಮೂಗಿನ ಅಗಲ, ಲಿಂಕಿನ ಅಗಲ, ಮೂಗಿನ ಪಿನ್ನಿನಿಂದ ಮೂಗಿನ ತುದಿಯವರೆಗಿನ ಗುಂಡು ಭಾಗ. ಇಷ್ಟನ್ನೂ ಬರೆದುಕೊಳ್ಳಿ.

ಬಕೆಟ್ ಕಿವಿಯ (ಪಿನ್ ತೂರುವ ಪ್ಲೇಟಿನ) ತೂತನ್ನು ಅಳೆಯಬೇಡಿ, ಪಿನ್ನನ್ನು ಅಳೆಯಿರಿ. ಹಳೆ ಬಕೆಟ್‌ನ ತೂತು ಸವೆದು ಮೊಟ್ಟೆ ಆಕಾರ ಆಗಿರುತ್ತದೆ, ಅದನ್ನೇ ನಕಲು ಮಾಡಿದರೆ ಹೊಸ ಕೊಂಬು ಮೊದಲ ದಿನದಿಂದಲೇ ಲೊಡಲೊಡ. ಪಿನ್ನೂ ಸವೆದಿರುತ್ತದೆ, ಹಾಗಾಗಿ ಡಿಪ್ಪರ್ ಒಳಗೆ ಕೂರುವ ಭಾಗ ಬಿಟ್ಟು, ಉಜ್ಜಾಟ ಇಲ್ಲದ ತುದಿಯಲ್ಲಿ ಅಳೆಯಿರಿ.

ಇನ್ನೂ ಒಂದು ಅಳತೆ ಇದೆ, ಇದೇ ಎಲ್ಲಕ್ಕಿಂತ ಮುಖ್ಯ. ಡಿಪ್ಪರ್ ಪಿನ್ನಿನಿಂದ ಬಕೆಟ್ ಹಲ್ಲಿನ ತುದಿಗೆ ಎಷ್ಟು ದೂರ? ನಿಮ್ಮ ಕೊಂಬಿನ ತುದಿ ಅದಕ್ಕಿಂತ ಮುಂದೆ ಹೋಗಬಾರದು. ಎಲ್ಲರಿಗೂ ಆಸೆ, ಉದ್ದ ಮಾಡಿದರೆ ಆಳಕ್ಕೆ ಹೋಗುತ್ತದೆ ಅಂತ. ಆಳಕ್ಕೆ ಹೋಗಲು ಬೂಮ್ (ಡಿಪ್ಪರನ್ನು ಹೊತ್ತ ದೊಡ್ಡ ತೋಳು) ಇದೆ, ಡಿಪ್ಪರ್ ಇದೆ. ಕೊಂಬು ಉದ್ದವಾದರೆ ಬಲ ಕಮ್ಮಿಯಾಗುತ್ತದೆ, ಅಷ್ಟೇ. ರ‍್ಯಾಮ್ ಕೊಡುವ ತಿರುಚುವ ಶಕ್ತಿ ಒಂದೇ. ಬಕೆಟ್ ತುದಿ 80 ಸೆಂ.ಮೀ. ದೂರದಲ್ಲಿದ್ದು ನೀವು ಕೊಂಬನ್ನು 1 ಮೀಟರ್ ಮಾಡಿದರೆ, ತುದಿಯಲ್ಲಿ ಸಿಗುವ ಬಲ ನೂರಕ್ಕೆ ಎಂಬತ್ತಕ್ಕೆ ಇಳಿಯಿತು. ನಾನು ಉಲ್ಟಾ ಮಾಡಿದೆ, ಬಕೆಟ್‌ಗಿಂತ ನಾಲ್ಕು ಬೆರಳು ಗಿಡ್ಡ. ವ್ಯತ್ಯಾಸ ಆಪರೇಟರ್ ಹುಡುಗನಿಗೆ ಮೊದಲ ಬೊಡ್ಡೆಯಲ್ಲೇ ಗೊತ್ತಾಯಿತು.

ಪ್ಲೈವುಡ್ಡಿನಲ್ಲಿ ಒಂದು ಸುಳ್ಳು ಕೊಂಬು

ನೇರವಾಗಿ ಕಬ್ಬಿಣಕ್ಕೆ ಗ್ಯಾಸ್ ಹಚ್ಚಬೇಡಿ. 12 ಎಂಎಂ ಪ್ಲೈವುಡ್ ತಗೊಳ್ಳಿ, ಸೆಂಟ್ರಿಂಗ್ ಮಾಡಿ ಬಿಸಾಕಿದ ಹಳೆ ಶೀಟೇ ಸಾಕು. ಬಕೆಟ್ಟನ್ನು ಅದರ ಮೇಲೆ ಪಕ್ಕಕ್ಕೆ ಮಲಗಿಸಿ, ಎರಡು ಪಿನ್ ತೂತು ಮತ್ತು ಹಲ್ಲಿನ ತುದಿಯನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿ. ಈ ಮೂರು ಚುಕ್ಕೆ ಸಿಕ್ಕಿತು ಅಂದರೆ ಅರ್ಧ ಕೆಲಸ ಮುಗಿಯಿತು. ಇನ್ನು ಚುಕ್ಕೆಗಳ ನಡುವೆ ಕುಡುಗೋಲಿನ ಹಾಗೆ ಬಾಗಿದ ಗೆರೆ ಎಳೆಯಬೇಕು. ಮೇಲೆ 30 ಸೆಂ.ಮೀ. ಅಗಲ, ನಡುವೆ 25, ಕೆಳಗೆ ಹಲ್ಲು ಕೂರುವ ಕಡೆ 12. ಇದು ನನ್ನ ಅಳತೆ, ನಿಮ್ಮದು ಒಂದೆರಡು ಸೆಂ.ಮೀ. ಆಚೀಚೆ ಆದರೂ ಪರವಾಗಿಲ್ಲ.

ಕತ್ತರಿಸಿದ ಪ್ಲೈವುಡ್ಡನ್ನು ಅದೇ ಪಿನ್‌ಗಳಿಂದ ಮಿಷನ್ನಿಗೆ ನೇತುಹಾಕಿ. ಎಂಜಿನ್ ನಿಧಾನಕ್ಕೆ ಓಡಲಿ, ರ‍್ಯಾಮನ್ನು ಪೂರ್ತಿ ಬಿಚ್ಚಿ, ಪೂರ್ತಿ ಮಡಚಿ. ಒಬ್ಬರು ಸೀಟಿನಲ್ಲಿ, ಒಬ್ಬರು ದೂರದಲ್ಲಿ ನಿಂತು ನೋಡಬೇಕು, ಪಿನ್ ಹತ್ತಿರ ಯಾರೂ ಕೈ ಇಡಬಾರದು. ನೋಡಬೇಕಾದ್ದು ಎರಡು. ಪೂರ್ತಿ ಮಡಚಿದಾಗ ತುದಿ ಡಿಪ್ಪರ್‌ಗೆ ಬಡಿಯುತ್ತದಾ? ಬಡಿದರೆ ಬಾಗು ಕಮ್ಮಿ ಮಾಡಿ. ಎರಡನೆಯದು, ತುದಿ ನೆಲಕ್ಕೆ ಇಳಿದು ಎಳೆಯುವ ಭಂಗಿಯಲ್ಲಿ ಹಲ್ಲಿನ ತಳ ನೆಲಕ್ಕೆ ಅಂಟಿಕೊಂಡಿದೆಯಾ, ಎದ್ದಿದೆಯಾ? ಹತ್ತು ಹದಿನೈದು ಡಿಗ್ರಿ ಎದ್ದಿರಬೇಕು. ಇಲ್ಲದಿದ್ದರೆ ಹಿಮ್ಮಡಿ ಉಜ್ಜುತ್ತಾ ಹೋಗುತ್ತದೆ, ತುದಿ ಮಣ್ಣಿಗೆ ಇಳಿಯುವುದೇ ಇಲ್ಲ, ಮಿಷನ್ನಿನ ಹಿಂಭಾಗವೇ ಮೇಲಕ್ಕೆ ಏಳುತ್ತದೆ. ನೇಗಿಲಿನ ಗುಳ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಮೂರನೇ ಕೊಂಬಿಗೆ ನಾಲ್ಕು ಪ್ಲೈವುಡ್ ಹಾಳು ಮಾಡಿದೆ. ಒಂದು ಪ್ಲೇಟ್ ಹಾಳಾಗುವುದಕ್ಕಿಂತ ಅದು ಎಷ್ಟೋ ವಾಸಿ.

ಕಬ್ಬಿಣ: ದಪ್ಪ ಯಾಕೆ ಬೇಕು

ಮೊದಲನೆಯ ಕೊಂಬನ್ನು 25 ಎಂಎಂ ಪ್ಲೇಟಿನಲ್ಲಿ ಮಾಡಿದ್ದೆ. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತ್ತು. ಮೂರು ದಿನ ಚೆನ್ನಾಗಿ ಎಳೆಯಿತು. ನಾಲ್ಕನೇ ದಿನ ಬೇರಿಗೆ ಸಿಕ್ಕಿಕೊಂಡಿತು, ಹುಡುಗ ಬಿಡಿಸೋಕೆ ಅಂತ ಒಂದೇ ಒಂದು ಸಲ ಬೂಮನ್ನು ಪಕ್ಕಕ್ಕೆ ಸ್ವಿಂಗ್ ಹೊಡೆದ. ಸದ್ದಿಲ್ಲ, ಏನಿಲ್ಲ. ಮೇಲೆತ್ತಿ ನೋಡಿದರೆ ಕೊಂಬು ನಾಯಿಬಾಲದ ಹಾಗೆ ಒಂದು ಕಡೆಗೆ ತಿರುಗಿತ್ತು. "ಅಣ್ಣಾ, ನಾನೇನೂ ಮಾಡ್ಲಿಲ್ಲ" ಅಂದ. ನಿಜ, ಅವನು ಮಾಡಿದ್ದು ಕಮ್ಮಿ, ನಾನು ಮಾಡಿದ್ದು ಜಾಸ್ತಿ.

ಲೆಕ್ಕ ಸರಳ. ಪ್ಲೇಟನ್ನು ಎಳೆಯುವ ದಿಕ್ಕಿನಲ್ಲಿ ನೋಡಿದರೆ ಅದರ ಅಗಲ ಕೆಲಸ ಮಾಡುತ್ತದೆ, ಅಡ್ಡಕ್ಕೆ ನೋಡಿದರೆ ಬರೀ ದಪ್ಪ. 25 ಸೆಂ.ಮೀ. ಅಗಲ, 25 ಎಂಎಂ ದಪ್ಪದ ಪಟ್ಟಿ ಎಳೆತಕ್ಕೆ ಎಷ್ಟು ಗಟ್ಟಿಯೋ, ಅಡ್ಡಕ್ಕೆ ಅದರ ಹತ್ತನೇ ಒಂದು ಪಾಲು ಮಾತ್ರ ಗಟ್ಟಿ. ಅಡ್ಡಕ್ಕೆ ಇರುವ ಗಟ್ಟಿತನ ದಪ್ಪದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. ಅಂದರೆ 25ರಿಂದ 40 ಎಂಎಂಗೆ ಹೋದರೆ ಎರಡೂವರೆ ಪಟ್ಟು. ಅದಕ್ಕೇ ಕೊಂಬಿಗೆ 40 ಎಂಎಂಗಿಂತ ಕಮ್ಮಿ ಬೇಡ ಅನ್ನುವುದು. ಅಗಲ ಹೆಚ್ಚಿಸಿ ಹೆಚ್ಚು ಪ್ರಯೋಜನವಿಲ್ಲ, ಬಾಗುವುದು ಆ ದಿಕ್ಕಿಗಲ್ಲ.

ಪ್ಲೇಟ್ ಮಾಮೂಲಿ ಎಂಎಸ್ (ಮೈಲ್ಡ್ ಸ್ಟೀಲ್) ಸಾಕು, ಐಎಸ್ 2062 ಅಂತ ಕೇಳಿ ತನ್ನಿ. ಹಾರ್ಡಾಕ್ಸ್ ಅನ್ನುವ ಗಟ್ಟಿ ಉಕ್ಕು ತರಬೇಕಾ ಅಂತ ಕೆಲವರು ಕೇಳುತ್ತಾರೆ. ಸವೆತಕ್ಕೆ ಒಳ್ಳೆಯದೇ, ಆದರೆ ದುಡ್ಡು ಜಾಸ್ತಿ. ಸವೆಯುವುದು ಬರೀ ತುದಿ, ತುದಿಗೆ ಹೇಗೂ ಬದಲಾಯಿಸುವ ಹಲ್ಲು ಹಾಕುತ್ತೇವೆ. ಲಾರಿ ಸ್ಪ್ರಿಂಗ್ ಪಟ್ಟೆಯನ್ನು ಮಾತ್ರ ಈ ಕೆಲಸಕ್ಕೆ ಬಳಸಬೇಡಿ. ಗಟ್ಟಿ ಇದೆ ಅಂತ ಅದರ ತುಂಡನ್ನು ಎರಡನೇ ಕೊಂಬಿನ ಅಂಚಿಗೆ ವೆಲ್ಡ್ ಮಾಡಿದ್ದೆ. ಸ್ಪ್ರಿಂಗ್ ಕಬ್ಬಿಣದಲ್ಲಿ ಕಾರ್ಬನ್ ಜಾಸ್ತಿ. ತಣ್ಣಗಿರುವಾಗ ವೆಲ್ಡ್ ಹಾಕಿದರೆ ಬೆಸುಗೆಯ ಪಕ್ಕದಲ್ಲೇ ಗಾಜಿನ ಹಾಗಾಗುತ್ತದೆ. ಅಲ್ಲಿಂದ ಕೂದಲೆಳೆ ಬಿರುಕು ಶುರುವಾಗಿ ಎಂಎಸ್ ಪ್ಲೇಟಿನ ಒಳಕ್ಕೂ ಹೋಯಿತು.

ತೂಕದ ಅಂದಾಜು ಹೀಗೆ ಹಾಕಿ: ಒಂದು ಚದರ ಮೀಟರ್ ಪ್ಲೇಟು, ಪ್ರತಿ ಎಂಎಂ ದಪ್ಪಕ್ಕೆ 7.85 ಕೆಜಿ. 40 ಎಂಎಂ ಅಂದರೆ ಚದರ ಮೀಟರ್‌ಗೆ 314 ಕೆಜಿ. ನನ್ನ ಕೊಂಬಿನ ಪಟ್ಟಿ ಮಾತ್ರ 75 ಕೆಜಿ ಬಂತು, ಕಿವಿ, ತಳದ ಪ್ಲೇಟು, ಹಲ್ಲು ಎಲ್ಲ ಸೇರಿ 165ರ ಹತ್ತಿರ. ನಿಮ್ಮ ಬಕೆಟ್‌ಗಿಂತ ಭಾರ ಆಗದ ಹಾಗೆ ನೋಡಿಕೊಳ್ಳಿ.

ಕಟಿಂಗನ್ನು ಕೈಯಲ್ಲಿ ಗ್ಯಾಸ್ ಹಿಡಿದೇ ಮಾಡಬಹುದು, ಆದರೆ 40 ಎಂಎಂ ಪ್ಲೇಟಿನಲ್ಲಿ ಕೈ ಸ್ವಲ್ಪ ನಡುಗಿದರೂ ಅಂಚು ಹಲ್ಲುಹಲ್ಲಾಗುತ್ತದೆ. ಪ್ಲೈವುಡ್ಡನ್ನು ತಗೊಂಡು ಹೋಗಿ ಸಿಎನ್‌ಸಿ ಪ್ರೊಫೈಲ್ ಕಟಿಂಗ್ ಮಾಡುವವರ ಹತ್ತಿರ ಕೊಡಿ. ಪೀಣ್ಯದಲ್ಲಿ ಬೇಕಾದಷ್ಟು ಜನ ಇದ್ದಾರೆ. ಹೋದ ಖರ್ಚು ಗ್ರೈಂಡಿಂಗ್‌ನಲ್ಲಿ ಉಳಿಯುತ್ತದೆ. ಕೈಯಲ್ಲೇ ಕತ್ತರಿಸಿದರೆ ಅಂಚನ್ನು ಪೂರ್ತಿ ಗ್ರೈಂಡ್ ಮಾಡಿ ನಯ ಮಾಡಲೇಬೇಕು, ಅದರಲ್ಲೂ ಒಳಬಾಗಿನ ಅಂಚನ್ನು. ಯಾಕೆ ಅಂತ ಈಗ ಹೇಳುತ್ತೇನೆ.

ಒಳ ಅಂಚಿನ ವಿಷಯ

ಕೊಂಬನ್ನು ಕ್ಯಾಬಿನ್ ಕಡೆಗೆ ಎಳೆದಾಗ ಬೇರು ತುದಿಯನ್ನು ಆಚೆಗೆ ತಳ್ಳುತ್ತದೆ. ಆಗ ಕೊಂಬಿನ ಒಳ ಅಂಚು, ಅಂದರೆ ನಿಮಗೆ ಮುಖ ಮಾಡಿರುವ ಅಂಚು, ಹಿಗ್ಗುತ್ತದೆ. ಕಬ್ಬಿಣ ಬಿರುಕು ಬಿಡುವುದು ಯಾವಾಗಲೂ ಹಿಗ್ಗುವ ಕಡೆಯಿಂದ. ಆ ಅಂಚಿನಲ್ಲಿ ಒಂದು ಗ್ಯಾಸ್ ಕಟಿಂಗ್ ಗೀರು, ಒಂದು ಚೂಪು ಮೂಲೆ, ಒಂದು ಕೆಟ್ಟ ವೆಲ್ಡಿಂಗ್ ಇದ್ದರೂ ಬಿರುಕಿಗೆ ಬಾಗಿಲು ತೆರೆದಿಟ್ಟ ಹಾಗೆ.

ಆದರೆ ಬೇರು ಜಾರದ ಹಾಗೆ ಹಿಡಿಯೋಕೆ ಒಳ ಅಂಚಿಗೆ ಗರಗಸದ ಹಲ್ಲು ಬೇಕೇ ಬೇಕು. ನೀಲಗಿರಿ ಹಸಿ ಬೇರಿನ ತೊಗಟೆ ಸಿಪ್ಪೆ ಎದ್ದು ಸೋಪಿನ ಹಾಗೆ ಜಾರುತ್ತದೆ. ಏನು ಮಾಡುವುದು? ಹಲ್ಲಿನ ತಗ್ಗು ಎಲ್ಲಿ ಬರಬೇಕೋ ಅಲ್ಲಿ ಮೊದಲು 12 ಎಂಎಂ ಡ್ರಿಲ್ ಹೊಡೆಯಿರಿ. ಆಮೇಲೆ ಅಂಚಿನಿಂದ ಆ ತೂತಿಗೆ ಎರಡು ಕಡೆಯಿಂದ ಕತ್ತರಿಸಿ. ತಗ್ಗು ಗುಂಡಗೆ ಉಳಿಯುತ್ತದೆ, ಬಿರುಕು ಹುಟ್ಟೋಕೆ ಮೂಲೆ ಸಿಗುವುದಿಲ್ಲ. ನಾಲ್ಕು ಹಲ್ಲು ಸಾಕು, ಅವೂ ಕೆಳಗಿನ ಅರ್ಧದಲ್ಲಿ. ಮೇಲಿನ ಅರ್ಧದಲ್ಲಿ ಬಲ ಜಾಸ್ತಿ ಬೀಳುತ್ತದೆ, ಅಲ್ಲಿ ಅಂಚನ್ನು ಮುಟ್ಟಬೇಡಿ.

ಕಿವಿ, ತಳ, ಸಂದು

ಕೊಂಬು 40 ಎಂಎಂ, ಡಿಪ್ಪರ್ ಮೂಗು ಅದರ ಐದರಷ್ಟು ಅಗಲ. ಇವೆರಡನ್ನು ಸೇರಿಸುವುದು 30 ಎಂಎಂ ದಪ್ಪದ ತಳದ ಪ್ಲೇಟು. ಅದರ ಮೇಲೆ 25 ಎಂಎಂನ ಎರಡು ಕಿವಿ ನಿಲ್ಲುತ್ತವೆ, ಕೆಳಗೆ ಕೊಂಬು ಇಳಿಯುತ್ತದೆ. ಕೊಂಬನ್ನು ತಳದ ಪ್ಲೇಟಿಗೆ ಸುಮ್ನೆ ಅಂಟಿಸಿದರೆ ಆಗದು. ಪ್ಲೇಟಿನಲ್ಲಿ 41 ಎಂಎಂ ಅಗಲದ ಸೀಳು ಮಾಡಿ, ಕೊಂಬಿನ ತಲೆಯನ್ನು ಅದರೊಳಗೆ ತೂರಿಸಿ, ಮೇಲೂ ಕೆಳಗೂ ವೆಲ್ಡ್ ಮಾಡಿ. ಸೀಳಿನ ಎರಡೂ ಅಂಚಿಗೆ 45 ಡಿಗ್ರಿ ಇಳಿಜಾರು ಹಾಕಿದರೆ ವೆಲ್ಡ್ ಆಳಕ್ಕೆ ಹೋಗುತ್ತದೆ. ತಲೆ ಪ್ಲೇಟಿನ ಮೇಲ್ಮೈಗೆ ಸಮ ಇರಲಿ. ಮೇಲಕ್ಕೆ ಚಾಚಿದರೆ ಡಿಪ್ಪರ್ ಮೂಗಿಗೆ ಹೊಡೆಯುತ್ತದೆ.

ಪಿನ್ನಿನ ನಡುವಿನಿಂದ ತಳದ ಪ್ಲೇಟಿಗೆ ಎಷ್ಟು ಎತ್ತರ ಬಿಡಬೇಕು? ಮೂಗಿನ ಗುಂಡು ಭಾಗದ ಅಳತೆ ಮತ್ತು ಮೇಲೆ 20 ಎಂಎಂ. ಆ 20 ಎಂಎಂ ಬಿಡದಿದ್ದರೆ ಮಣ್ಣು, ಬೇರಿನ ಚೂರು ಸಿಕ್ಕಿಕೊಂಡು ತಿರುಗಾಟ ನಿಲ್ಲುತ್ತದೆ.

ಕೊಂಬಿನ ಎರಡು ಪಕ್ಕಕ್ಕೂ 20 ಎಂಎಂನ ತ್ರಿಕೋನ ಗಸೆಟ್ (ಆಸರೆ ಪ್ಲೇಟು), ಒಟ್ಟು ನಾಲ್ಕು. ಅಡ್ಡ ಬಲವನ್ನು ತಡೆಯುವುದು ಇವೇ. ಗಸೆಟ್ ಕೊಂಬಿನ ಕಡೆಗೆ ಇಳಿಯುತ್ತಾ ಸಣ್ಣದಾಗಿ ಮುಗಿಯಲಿ, ಒಮ್ಮೆಲೇ ಕಡಿದ ಹಾಗೆ ನಿಲ್ಲಬಾರದು, ಇಲ್ಲದಿದ್ದರೆ ಕೊಂಬು ಸರಿಯಾಗಿ ಅಲ್ಲಿಯೇ ಮುರಿಯುತ್ತದೆ. ಒಳ ಅಂಚಿನಿಂದ ಎರಡು ಬೆರಳು ಹಿಂದೆಯೇ ಇರಲಿ.

ಕಿವಿಯ ತೂತಿನ ಸುತ್ತ ದಪ್ಪ ಬಾಸ್ ರಿಂಗ್ ವೆಲ್ಡ್ ಮಾಡಿ. ರಿಂಗುಗಳನ್ನು ಲೇತ್‌ನಲ್ಲಿ ಮಾಡಿಸಿ, ಪಿನ್‌ಗಿಂತ 0.3ರಿಂದ 0.5 ಎಂಎಂ ಸಡಿಲ ಇದ್ದರೆ ಸಾಕು. ಹೊಸ ಪಿನ್ ಮಾಡಿಸುವುದಾದರೆ ಇಎನ್8 ಕಬ್ಬಿಣ ಕೇಳಿ, ಎಂಎಸ್ ರಾಡಿನಲ್ಲಿ ಬೇಡ.

ಈಗ ಜೋಡಣೆ. ಎಲ್ಲರೂ ಎಡವುವುದು ಇಲ್ಲೇ. ಎರಡೂ ಕಿವಿಯ ತೂತು ಒಂದೇ ಗೆರೆಯಲ್ಲಿರಬೇಕು. ಅದಕ್ಕೆ ಪಿನ್ ಸೈಜಿನ ಒಂದು ಉದ್ದ ಶಾಫ್ಟ್ ಎರಡಕ್ಕೂ ತೂರಿಸಿ, ನಡುವೆ ಮೂಗಿನ ಅಗಲಕ್ಕಿಂತ 3 ಎಂಎಂ ಉದ್ದದ ಪೈಪ್ ತುಂಡು ಇಟ್ಟು, ಆಮೇಲೆ ಟ್ಯಾಕ್ (ಅಲ್ಲಲ್ಲಿ ಚುಕ್ಕೆ ವೆಲ್ಡ್) ಹಾಕಿ. ವೆಲ್ಡ್ ಆರುವಾಗ ಕಬ್ಬಿಣ ಎಳೆಯುತ್ತದೆ, ಕಿವಿಗಳು ಒಳಕ್ಕೆ ಬಾಗುತ್ತವೆ. ಪೈಪ್ ತುಂಡು ಅದನ್ನು ತಡೆಯುತ್ತದೆ. ಪೂರ್ತಿ ಆರುವವರೆಗೆ ಶಾಫ್ಟ್ ಬಿಚ್ಚಬೇಡಿ. ಟ್ಯಾಕ್ ಮಟ್ಟದಲ್ಲೇ ಒಮ್ಮೆ ಮಿಷನ್ನಿಗೆ ಸಿಕ್ಕಿಸಿ ನೋಡಿ. ಪಿನ್ ಕೈಯಲ್ಲಿ ತಳ್ಳಿದರೆ ಹೋಗಬೇಕು, ಸುತ್ತಿಗೆ ಕೇಳಿದರೆ ಬಿಚ್ಚಿ ಸರಿ ಮಾಡಿ.

ವೆಲ್ಡಿಂಗ್: ದೋಸೆ ಕಾವಲಿ ಪರೀಕ್ಷೆ

ನಮ್ಮಲ್ಲಿ ಎಲ್ಲ ಶೆಡ್ಡಿನಲ್ಲೂ ಸಿಗುವುದು 6013 ರಾಡು. ಗೇಟಿಗೆ ಅದು ಸರಿ, ಇದಕ್ಕೆ ಬೇಡ. 7018 ತನ್ನಿ. ಇದನ್ನು ಲೋ ಹೈಡ್ರೋಜನ್ ರಾಡು ಅನ್ನುತ್ತಾರೆ. ಅದರ ಮೇಲಿನ ಲೇಪ ತೇವ ಹೀರಿದರೆ ಆ ಹೆಸರಿಗೆ ಅರ್ಥವೇ ಇಲ್ಲ. ತೇವದಲ್ಲಿರುವ ಹೈಡ್ರೋಜನ್ ಬೆಸುಗೆಗೆ ಸೇರಿಕೊಂಡು ಒಳಗಿಂದ ಸೀಳುತ್ತದೆ, ಅದೂ ಕೂಡಲೇ ಅಲ್ಲ, ಒಂದೆರಡು ದಿನ ಬಿಟ್ಟು. ಪ್ಯಾಕೆಟ್ ಒಡೆದು ಇಟ್ಟಿದ್ದರೆ 300ರಿಂದ 350 ಡಿಗ್ರಿಯಲ್ಲಿ ಒಂದೆರಡು ಗಂಟೆ ಓವನ್‌ನಲ್ಲಿ ಒಣಗಿಸಿ, ಕೆಲಸ ಮುಗಿಯುವವರೆಗೆ ಬಿಸಿಯಾಗಿಯೇ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ. ಡಿಸಿ ವೆಲ್ಡಿಂಗ್ ಮಿಷನ್, ರಾಡು ಪಾಸಿಟಿವ್‌ಗೆ. ಮೊದಲ ಸುತ್ತಿಗೆ 3.15 ಎಂಎಂ ರಾಡು, 100ರಿಂದ 130 ಆಂಪಿಯರ್. ತುಂಬಿಸೋಕೆ 4 ಎಂಎಂ, 140ರಿಂದ 180.

ಪ್ಲೇಟನ್ನು ಮೊದಲು ಬಿಸಿ ಮಾಡಿ. ತಣ್ಣನೆಯ ದಪ್ಪ ಪ್ಲೇಟು ಬೆಸುಗೆಯ ಬಿಸಿಯನ್ನು ಗಬಕ್ಕನೆ ನುಂಗಿಬಿಡುತ್ತದೆ, ಬೆಸುಗೆ ಬೇಗ ಆರಿ ಬಿರುಸಾಗುತ್ತದೆ. ಗ್ಯಾಸ್ ಟಾರ್ಚ್ ಹಿಡಿದು ಸಂದಿನ ಸುತ್ತ ಒಂದು ಗೇಣು ಜಾಗವನ್ನು 100-120 ಡಿಗ್ರಿಗೆ ತನ್ನಿ. ಬಿಸಿ ಅಳೆಯುವ ಸೀಮೆಸುಣ್ಣ ಸಿಗುತ್ತದೆ, ಇಲ್ಲದಿದ್ದರೆ ದೋಸೆ ಕಾವಲಿ ಪರೀಕ್ಷೆ ಇದೆಯಲ್ಲ. ನೀರು ಚಿಮುಕಿಸಿ. ಹನಿ ಬಿದ್ದಲ್ಲೇ ಚುರ್ ಅಂದು ಆವಿಯಾದರೆ ಹದ. ಹನಿ ಗುಂಡಾಗಿ ಅತ್ತಿತ್ತ ಓಡಾಡಿದರೆ ಇನ್ನೂರರ ಹತ್ತಿರ ಹೋಗಿದೆ, ಟಾರ್ಚ್ ತೆಗೆಯಿರಿ.

ಒಂದೇ ಕಡೆ ಪೂರ್ತಿ ತುಂಬಿಸಬೇಡಿ. ಎಡಕ್ಕೆ ಒಂದು ಸುತ್ತು, ಬಲಕ್ಕೆ ಒಂದು ಸುತ್ತು, ತಿರುಗಿಸಿ ಕೆಳಗೆ ಒಂದು. ಪ್ರತಿ ಸುತ್ತಿಗೂ ಸ್ಲ್ಯಾಗ್ ತಟ್ಟಿ, ಬ್ರಶ್ ಹೊಡೆಯಿರಿ. ಮುಗಿದ ಮೇಲೆ ನೀರು ಹಾಕುವ ಬುದ್ಧಿ ಮಾತ್ರ ಬೇಡ. ನಾನು ಒಲೆ ಬೂದಿಯನ್ನು ಒಂದು ಚೀಲ ಕೂಡಿಟ್ಟಿದ್ದೆ, ಸಂದನ್ನೆಲ್ಲ ಅದರಲ್ಲಿ ಮುಚ್ಚಿ ಬೆಳಗಿನವರೆಗೆ ಬಿಟ್ಟೆ. ಬೆಳಗ್ಗೆ ಮುಟ್ಟಿದಾಗ ಇನ್ನೂ ಉಗುರುಬೆಚ್ಚಗಿತ್ತು.

ಎರಡು ದಿನ ಬಿಟ್ಟು ಬಿರುಕು ಹುಡುಕಿ. ಡೈ ಪೆನೆಟ್ರೆಂಟ್ ಸ್ಪ್ರೇ ಮೂರು ಡಬ್ಬಿ ಬರುತ್ತದೆ: ತೊಳೆಯೋಕೆ ಒಂದು, ಕೆಂಪು ಬಣ್ಣ ಒಂದು, ಬಿಳಿ ಪುಡಿ ಒಂದು. ಅದು ಸಿಗದಿದ್ದರೆ ಹಳೇ ಪದ್ಧತಿ. ಸಂದಿಗೆ ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡಿ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಬಳಿಯಿರಿ. ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಮೇಲೆ ಬಂದು ಬಿಳಿಯ ಮೇಲೆ ಕಪ್ಪು ಎಳೆ ಕಾಣುತ್ತದೆ. ಕಂಡರೆ ಅದರ ಮೇಲೇ ಇನ್ನೊಂದು ರಾಡು ಓಡಿಸಬೇಡಿ. ಬಿರುಕು ಮುಗಿಯುವವರೆಗೆ ಗ್ರೈಂಡ್ ಮಾಡಿ ತೆಗೆದು, ಮತ್ತೆ ಬಿಸಿ ಮಾಡಿ ಹೊಸದಾಗಿ ತುಂಬಿ.

ಮಿಷನ್ನಿಗೆ ಸಿಕ್ಕಿಸಿಟ್ಟೇ ವೆಲ್ಡ್ ಮಾಡುವವರನ್ನು ನೋಡಿದ್ದೇನೆ. ಬೇಡ. ಕರೆಂಟು ಪಿನ್ನು, ಬುಶ್ಶು, ರ‍್ಯಾಮ್ ಮೂಲಕ ಹೋಗಿ ಅವುಗಳ ಮೈ ಸುಡುತ್ತದೆ, ಎಲೆಕ್ಟ್ರಾನಿಕ್ಸ್ ಇದ್ದರೆ ಅದೂ ಹೋಗುತ್ತದೆ. ಬಿಚ್ಚಿ ಕೆಳಗಿಟ್ಟುಕೊಂಡೇ ಮಾಡಿ.

ತುದಿಯ ಹಲ್ಲು

ವೆಲ್ಡ್ ಮಾಡುವ ಅಡಾಪ್ಟರ್, ಅದಕ್ಕೆ ಪಿನ್ ಹೊಡೆದು ಕೂರಿಸುವ ಹಲ್ಲು, ಎರಡೂ ಬೆಂಗಳೂರಿನ ಅರ್ಥ್‌ಮೂವರ್ ಸ್ಪೇರ್ಸ್ ಅಂಗಡಿಗಳಲ್ಲಿ ಸಿಗುತ್ತವೆ. 40 ಎಂಎಂ ಅಂಚಿಗೆ ಕೂರುವ ಅಡಾಪ್ಟರ್ ಅಂತ ಅಳತೆ ಹೇಳಿ ತಗೊಳ್ಳಿ. ಅಡಾಪ್ಟರ್ ಎರಕದ ಉಕ್ಕು, ಅದನ್ನು ವೆಲ್ಡ್ ಮಾಡುವಾಗ ಬಿಸಿ ಸ್ವಲ್ಪ ಜಾಸ್ತಿ ಬೇಕು, 150ರಿಂದ 200 ಡಿಗ್ರಿ. ಹಲ್ಲನ್ನು ತೆಗೆದಿಟ್ಟು ವೆಲ್ಡ್ ಮಾಡಿ, ಇಲ್ಲದಿದ್ದರೆ ಅದರ ಗಟ್ಟಿತನ ಬಿಸಿಗೆ ಇಳಿದುಹೋಗುತ್ತದೆ.

ಹಾರ್ಡ್‌ಫೇಸಿಂಗ್ ರಾಡನ್ನು, ಅಂದರೆ ಸವೆತ ತಡೆಯುವ ಗಟ್ಟಿ ಪದರ ಹಾಕುವ ರಾಡನ್ನು, ಹಲ್ಲಿನಿಂದ ಮೇಲಕ್ಕೆ ಕೊಂಬಿನ ಒಂದು ಗೇಣು ಜಾಗಕ್ಕೆ ಮಾತ್ರ ಓಡಿಸಿ. ಆ ಪದರ ಆರುವಾಗ ತಾನೇ ಸಣ್ಣ ಸಣ್ಣ ಬಿರುಕು ಬಿಡುವ ಜಾತಿಯದು. ಕೆಳಗೆ ಬಲ ಕಮ್ಮಿ, ತೊಂದರೆಯಿಲ್ಲ. ಮೇಲಿನವರೆಗೂ ಬಳಿದರೆ ಆ ಬಿರುಕುಗಳು ಒಳ ಅಂಚಿನಿಂದ ಪ್ಲೇಟಿಗೆ ಇಳಿಯುತ್ತವೆ.

ಬಣ್ಣ ಹಚ್ಚುವುದಾದರೆ ತಿಳಿ ಬಣ್ಣ ಹಚ್ಚಿ, ಬಿರುಕು ಬೇಗ ಕಾಣುತ್ತದೆ. ಕಪ್ಪು ಬೇಡ. ನನಗೆ ಕಬ್ಬಿಣ, ಕಟಿಂಗ್, ಲೇತ್, ಹಲ್ಲು ಎಲ್ಲ ಸೇರಿ, ನನ್ನ ಕೂಲಿ ಬಿಟ್ಟು, 28 ಸಾವಿರದ ಹತ್ತಿರ ಹೋಯಿತು.

ಹೊಲಕ್ಕೆ ಇಳಿದ ಮೇಲೆ

ಮೊದಲು ಜಾಗ ನೋಡಿ. ಬೋರ್‌ವೆಲ್ ಕೇಬಲ್, ಪಿವಿಸಿ ಪೈಪು ಎಲ್ಲೆಲ್ಲಿ ಹೋಗಿದೆ ಅಂತ ಜಮೀನಿನ ಯಜಮಾನರನ್ನೇ ಕೇಳಿ ಗೂಟ ಹೊಡೆಯಿರಿ. ಬಕೆಟ್ ಪೈಪನ್ನು ಒಡೆದರೆ ಒಂದು ಕಡೆ ಒಡೆಯುತ್ತದೆ. ಕೊಂಬು ಕೇಬಲ್‌ಗೆ ಸಿಕ್ಕಿದರೆ ಮಾರುಗಟ್ಟಲೆ ಕಿತ್ತು ಎಳೆಯುತ್ತದೆ. ಮೇಲೆ ಕರೆಂಟ್ ಲೈನ್ ಇದೆಯಾ ಅಂತ ಕತ್ತೆತ್ತಿ ನೋಡಿ, ಬೂಮ್ ಎತ್ತಿದಾಗ ಎಷ್ಟು ಎತ್ತರ ಹೋಗುತ್ತದೆ ಅನ್ನುವುದು ಮರೆತುಹೋಗಿರುತ್ತದೆ.

ಒಂದು ಒಳ್ಳೆ ಮಳೆ ಬಿದ್ದು ನಾಲ್ಕೈದು ದಿನ ಆಗಿರುವ ಹೊತ್ತು ಈ ಕೆಲಸಕ್ಕೆ ಚೆನ್ನ. ಬೇಸಿಗೆಯಲ್ಲಿ ನಮ್ಮ ಕೆಂಪು ಮಣ್ಣು ಇಟ್ಟಿಗೆ, ತೀರಾ ಹಸಿಯಲ್ಲಿ ಜಾಕಿ (ಮಿಷನ್ನಿನ ಹಿಂದಿನ ಆಸರೆ ಕಾಲು) ಹೂತುಕೊಳ್ಳುತ್ತದೆ.

ಎರಡೂ ಜಾಕಿ ಇಳಿಸಿ, ಮುಂದಿನ ಬಕೆಟ್ಟನ್ನು ನೆಲಕ್ಕೆ ಒತ್ತಿ. ಬೊಡ್ಡೆಯಿಂದ ಎರಡು ಮೂರು ಅಡಿ ದೂರದಲ್ಲಿ ಕೊಂಬನ್ನು ಇಳಿಸಿ ನೇರವಾಗಿ ಎಳೆಯಿರಿ. ಪಕ್ಕದ ಬೇರುಗಳು ಒಂದೊಂದೇ ಹರಿಯುವುದು ಸೀಟಿನಲ್ಲೇ ಗೊತ್ತಾಗುತ್ತದೆ, ಲಿವರ್‌ಗೆ ಒಂದು ಜರ್ಕ್, ಆಮೇಲೆ ಸಡಿಲ. ಈ ಕಡೆ ಮುಗಿಸಿ, ಕೊಂಬನ್ನು ಪೂರ್ತಿ ಮೇಲೆತ್ತಿ, ಆ ಕಡೆ ಇಳಿಸಿ. ಇನ್ನುಳಿದ ಎರಡು ಕಡೆಗೆ ಮಿಷನ್ನನ್ನೇ ತಿರುಗಿಸಿ ನಿಲ್ಲಿಸಿ. ಕೊಂಬು ಮಣ್ಣಲ್ಲಿರುವಾಗ ಸ್ವಿಂಗ್ ಲಿವರ್‌ಗೆ ಕೈ ಹೋಗಲೇಬಾರದು. 40 ಎಂಎಂ ಇದ್ದರೂ ಅಷ್ಟೇ. ನಾನು ಆ ಲಿವರ್‌ಗೆ ಕೆಂಪು ಟೇಪ್ ಸುತ್ತಿದ್ದೇನೆ.

ನಾಲ್ಕೂ ಕಡೆ ಬೇರು ಹರಿದ ಮೇಲೆ ತಾಯಿಬೇರು ಒಂದೇ ಉಳಿದಿರುತ್ತದೆ. ಕೊಂಬನ್ನು ಬೊಡ್ಡೆಯ ಆಚೆ ಬದಿಯಿಂದ ಓರೆಯಾಗಿ ಅಡಿಗೆ ತೂರಿಸಿ, ಮಡಚುತ್ತಾ ಮೇಲೆತ್ತಿ. ಏಳದಿದ್ದರೆ ಹಟ ಬೇಡ, ಇನ್ನೊಂದು ಸುತ್ತು ಬೇರು ಹರಿಯಿರಿ. ಎಣ್ಣೆಯ ಒತ್ತಡಕ್ಕೆ ಮಿತಿ ಹಾಕುವ ರಿಲೀಫ್ ವಾಲ್ವ್ ಬಿಗಿ ಮಾಡಿ ಪ್ರೆಶರ್ ಏರಿಸಿಕೊಡುತ್ತೇನೆ ಅನ್ನುವ ಮೆಕ್ಯಾನಿಕ್‌ಗಳು ಸಿಗುತ್ತಾರೆ, ಅವರಿಗೆ ಟೀ ಕುಡಿಸಿ ಕಳಿಸಿ.

ಬೊಡ್ಡೆ ಬುಡದ ಗಂಟಿನ ಸಮೇತ ಬಂದರೆ ಸಾಕು. ನೀಲಗಿರಿ ಚಿಗುರುವುದು ಆ ಗಂಟಿನಿಂದ. ಮಣ್ಣಲ್ಲಿ ಉಳಿದ ಬೇರಿನ ತುಂಡುಗಳು ಸಾಮಾನ್ಯವಾಗಿ ಚಿಗುರುವುದಿಲ್ಲ, ಅವನ್ನು ಹುಡುಕಿಕೊಂಡು ಡೀಸೆಲ್ ಸುಡಬೇಡಿ. ಬಳ್ಳಾರಿ ಜಾಲಿಯದೂ ಸುಮಾರು ಹೀಗೇ, ಮಣ್ಣಿನ ಮಟ್ಟದಿಂದ ಒಂದು ಅಡಿ ಕೆಳಗಿನವರೆಗೆ ಬುಡ ಬರಬೇಕು. ಅದರ ಮುಳ್ಳು ಟೈರಿಗೆ ಮಾಡುವ ಕೆಲಸ ನಿಮಗೇ ಗೊತ್ತು, ಮೊದಲು ಕೊಂಬೆ ತೆಗೆಸಿ.

ಸುತ್ತ ಯಾರನ್ನೂ ನಿಲ್ಲಿಸಬೇಡಿ. ಬಿಗಿಯಾದ ಬೇರು ಹರಿದಾಗ ಚಾಟಿಯ ಹಾಗೆ ಬೀಸುತ್ತದೆ. ಬೊಡ್ಡೆ ಕೀಳುವುದನ್ನು ನೋಡೋಕೆ ಊರೆಲ್ಲ ಬರುತ್ತದೆ, ಸೌದೆ ಆಯ್ದುಕೊಳ್ಳೋಕೆ ಅಜ್ಜಿಯಂದಿರು ಬರುತ್ತಾರೆ. "ಅಜ್ಜೀ, ಮಿಷನ್ ನಿಂತ ಮೇಲೆ ಎಲ್ಲಾ ನಿಮ್ದೇ, ಈಗ ಆಕಡೆ ಹೋಗಿ" ಅಂತ ಹೇಳೋಕೇ ಒಬ್ಬ ಆಳು ಬೇಕು.

ಮೊದಲ ದಿನ ಒಂದು ಗಂಟೆ ಕೆಲಸ ಮಾಡಿ ನಿಲ್ಲಿಸಿ. ಪಿನ್ ಲಾಕ್ ಬೋಲ್ಟ್, ಗಸೆಟ್ ತುದಿ, ಸೀಳಿನ ಎರಡು ಮೂಲೆ, ಒಳ ಅಂಚಿನ ತಗ್ಗುಗಳು, ಇಷ್ಟನ್ನೂ ಬಟ್ಟೆಯಲ್ಲಿ ಒರೆಸಿ ನೋಡಿ. ಆಮೇಲೆ ದಿನಕ್ಕೊಮ್ಮೆ, ಬೆಳಗ್ಗೆ ಗ್ರೀಸ್ ಹೊಡೆಯುವಾಗ. ಪಿನ್ ಬಿಚ್ಚಲು ಸುತ್ತಿಗೆ ಹೊಡೆಯುವಾಗ ಕನ್ನಡಕ ಹಾಕಿ. ಪಿನ್ನಿನ ತುದಿಯಿಂದ ಸಿಡಿದ ಚೂರು ಒಮ್ಮೆ ನನ್ನ ಕಿವಿಯ ಪಕ್ಕದಲ್ಲೇ ಹೋಗಿ ಶೆಡ್ಡಿನ ಶೀಟಿಗೆ ತೂತು ಮಾಡಿತು, ಆ ತೂತನ್ನು ಇನ್ನೂ ಮುಚ್ಚಿಲ್ಲ.

ರಸ್ತೆಯಲ್ಲಿ ಹೋಗುವಾಗ ಕೊಂಬನ್ನು ಪೂರ್ತಿ ಮಡಚಿ, ಬೂಮ್ ಲಾಕ್ ಹಾಕಿ, ತುದಿಗೆ ಹಳೆ ಟೈರಿನ ತುಂಡು ಸಿಕ್ಕಿಸಿ ಚೈನ್ ಕಟ್ಟಿ, ಅದಕ್ಕೊಂದು ಕೆಂಪು ಬಟ್ಟೆ. ಹಿಂದೆ ಬರುವ ಬೈಕಿನವನ ಎದೆಯ ಮಟ್ಟಕ್ಕೇ ಇರುತ್ತದೆ ಅದು.